ಮೂರನೆಯ ದನಿ

ಮಾರ್ಚ್ ೪, ಸೋಮವಾರ

ಯಂತ್ರ ಬಂದೇಬಿಟ್ಟಿತು. ಬೆಳಿಗ್ಗೆ ಹತ್ತಕ್ಕೆ ಕಾರ್ಯದರ್ಶಿಯವರು ಒಂದು ಕರಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹಸುಗೂಸನ್ನು ತರುವವರ ಹಾಗೆ ನಮ್ಮ ಓದುಕೋಣೆಗೆ ತಂದರು. ಪುಟ ತೋರಿಸಿದರೆ ಸಾಕು, ಗಟ್ಟಿಯಾಗಿ ಓದುತ್ತದಂತೆ. ದಣಿಯುವುದಿಲ್ಲ, ರಜೆ ಕೇಳುವುದಿಲ್ಲ, ಗಂಟಲು ಕಟ್ಟುವುದಿಲ್ಲ. ಮೂರು ವಾರ ಪ್ರಯೋಗ. ಆಮೇಲೆ ಸಮಿತಿ ಸೇರಿ, ಮನುಷ್ಯರು ಓದುವ ಈ ಕೋಣೆ ಇನ್ನು ಬೇಕೇ ಬೇಡವೇ ಎಂದು ತೀರ್ಮಾನಿಸುತ್ತದೆ.

ಕೋಣೆ ಮುಚ್ಚಿದರೆ ಹೀಗೊಂದು ಇತ್ತು ಎಂದು ಒಂದು ಕಡೆಯಾದರೂ ಇರಲಿ ಎಂದು ಬರೆಯುತ್ತೇನೆ. ಇದು ಕಣ್ಣು ಕಾಣದವರ ಕೇಳುಪುಸ್ತಕ ಭಂಡಾರ. ನಾನು ಮೈಕಿನ ಮುಂದೆ ಕುಳಿತು ಪುಸ್ತಕ ಓದುತ್ತೇನೆ. ಗಾಜಿನ ಆಚೆ ಕುಳಿತು ತಂತಿಯಣ್ಣ ಧ್ವನಿ ಮುದ್ರಿಸುತ್ತಾನೆ; ಮೈತುಂಬ ತಂತಿ ಸುತ್ತಿಕೊಂಡೇ ಓಡಾಡುವುದರಿಂದ ಅವನಿಗೆ ಆ ಹೆಸರು. ಮುದ್ರಿಸಿದ್ದನ್ನು ಕೇಳಿ ತಪ್ಪು ಹಿಡಿಯುವವರು ಮೇಷ್ಟ್ರು. ಅವರಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಶಾಲೆಯಿಂದ ನಿವೃತ್ತರಾಗಿ ಇಲ್ಲಿಗೆ ಬಂದು ಒಂಬತ್ತು ವರ್ಷ. ಅವರ ಕಿವಿಯಿಂದ ಒಂದು ಒತ್ತಕ್ಷರವೂ ತಪ್ಪಿಸಿಕೊಂಡಿಲ್ಲ. ಅವರು ಸರಿ ಎಂದ ಅಧ್ಯಾಯ ಅಂದಂದೇ ಕೇಳುಗರ ಫೋನಿಗೆ ಹೋಗುತ್ತದೆ.

ತಂತಿಯಣ್ಣ ಪೆಟ್ಟಿಗೆಯ ಮೇಲಿನ ಧೂಳು ಒರೆಸಿ, "ಹೊಸ ಸೊಸೆ ಬಂದಳು. ನೋಡಿ ನಾಯಕಿಯವರೇ, ಇನ್ನು ನೀವು ಹಳೇ ಸೊಸೆ" ಎಂದ.

ನಾನು ನಗಲಿಲ್ಲ. ಮನುಷ್ಯನ ದನಿಯನ್ನು ಮನುಷ್ಯನಿಂದ ಕಸಿದುಕೊಳ್ಳುವುದು ನಗುವ ವಿಷಯವಲ್ಲ. ಈ ಕುರಿತು ನನ್ನ ಬಳಿ ಆರು ಕರಪತ್ರಗಳಿವೆ.

ಮಾರ್ಚ್ ೬, ಬುಧವಾರ

ವಿಚಿತ್ರ ನೋಡಿ, ಇದೇ ಹೊತ್ತಿಗೆ ನನ್ನ ಕೈಯಲ್ಲಿರುವ ಪುಸ್ತಕವೂ ಯಂತ್ರಗಳದ್ದೇ. ಹಳೆಯ ಕಾದಂಬರಿ; ಬರೆದವರು ತೀರಿಕೊಂಡು ಎಷ್ಟೋ ಕಾಲವಾಯಿತು. ಇಪ್ಪತ್ತೆರಡು ಅಧ್ಯಾಯ. ಮನುಷ್ಯರಂತೆಯೇ ಕಾಣುವ, ನಗುವ, ಬೆವರುವ ಯಂತ್ರಗಳನ್ನು ಮನೆಗೆಲಸಕ್ಕೆಂದು ಮಾಡಿರುತ್ತಾರೆ. ಒಂದು ದಿನ ಸರ್ಕಾರ, ಅವನ್ನೆಲ್ಲ ಕಳಚಿಹಾಕಬೇಕು ಎಂದು ಕಾನೂನು ತರುತ್ತದೆ. ಮನೆಮನೆಗೆ ಒಬ್ಬ ತನಿಖಾಧಿಕಾರಿ ಬರುತ್ತಾನೆ. ಅವನು ಪ್ರಶ್ನೆ ಕೇಳುವುದಿಲ್ಲ. ಮನೆಯವರ ಜೊತೆ ಊಟಕ್ಕೆ ಕೂರುತ್ತಾನೆ, ನೋಡುತ್ತಾನೆ. ಪಕ್ಕದವರ ಲೋಟ ಖಾಲಿಯಾದಾಗ ಪ್ರತಿ ಸಲವೂ, ಯಾರೂ ಹೇಳದೆಯೇ, ನೀರು ತುಂಬಿಸುವವರು ಯಾರೋ ಅವರು ಯಂತ್ರ. ಮನುಷ್ಯರಾದರೆ ಒಂದಲ್ಲ ಒಂದು ಸಲ ಮರೆಯುತ್ತಾರೆ.

ಲೇಖಕರಿಗೆ ಯಂತ್ರಗಳ ಮೇಲೆ ಕರುಣೆ ಜಾಸ್ತಿಯಾಯಿತು ಎಂದು ನನ್ನ ಅಭಿಪ್ರಾಯ. ತನಿಖಾಧಿಕಾರಿಯೇ ಸರಿ. ಗೆರೆ ಎಳೆಯಲೇಬೇಕು.

ಮನೆಗೆ ಬಂದು ಇದನ್ನು ದೊಡ್ಡಮ್ಮನಿಗೆ ಹೇಳಿದೆ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ನನ್ನನ್ನು ಕರೆಯುವುದು "ಕರಪತ್ರ" ಎಂದು.

"ಏನೇ ಕರಪತ್ರ, ಹಾಗಾದ್ರೆ ಈ ಮನೇಲಿ ನಾನೇ ಯಂತ್ರ. ನೀನು ಅಪ್ಪಟ ಮನುಷ್ಯಳು ಬಿಡು, ಇವತ್ತಿನವರೆಗೂ ನಂಗೆ ಒಂದು ಲೋಟ ನೀರು ಕೊಟ್ಟೋಳಲ್ಲ" ಎಂದಳು. ಮಾತಿನ ತತ್ವ ಅವಳಿಗೆ ಅರ್ಥವಾಗಲಿಲ್ಲ. ಸೂಜಿಗೆ ದಾರ ಪೋಣಿಸಿಕೊಡು ಎಂದಳು. ಒಂದು ನಿಮಿಷ ತಡಿ, ಬರೀತಿದ್ದೀನಿ ಎಂದೆ. ಅವಳೇ ಕಿಟಕಿಯ ಹತ್ತಿರ ಹೋಗಿ ಹೇಗೋ ಪೋಣಿಸಿಕೊಂಡಳು.

ಮಾರ್ಚ್ ೯, ಶನಿವಾರ

ಇಂದು ಆ ಪೆಟ್ಟಿಗೆ ಓದುವುದನ್ನು ಪೂರ್ತಿ ಕೇಳಿದೆ. ಮೈ ಉರಿದುಹೋಯಿತು. ಅದು ಉಸಿರು ಎಳೆದುಕೊಳ್ಳುತ್ತದೆ! ಶ್ವಾಸಕೋಶವೇ ಇಲ್ಲದ ಪೆಟ್ಟಿಗೆ, ಉದ್ದ ವಾಕ್ಯಕ್ಕೆ ಮುಂಚೆ "ಹ್" ಎಂದು ಉಸಿರು ಎಳೆದುಕೊಳ್ಳುತ್ತದೆ. ಅಲ್ಲಲ್ಲಿ ತಡೆದು, ಯೋಚಿಸುವವರ ಹಾಗೆ ನಿಲ್ಲುತ್ತದೆ. ಒಂದು ಕಡೆ ಪದವೊಂದನ್ನು ತಪ್ಪಾಗಿ ಓದಿ, ಮತ್ತೆ ಸರಿಯಾಗಿ ಓದಿತು.

"ಅದನ್ನ ಬೇಕಂತಲೇ ಹಾಕಿದಾರೆ. ಮನುಷ್ಯರ ಥರ ಕೇಳಿಸಲಿ ಅಂತ" ಎಂದ ತಂತಿಯಣ್ಣ.

"ಇದು ಮೋಸ."

"ಮೋಸವೋ ಮೇಕಪ್ಪೋ. ನೀವು ಪೌಡರ್ ಹಾಕ್ಕೊಳ್ಳಲ್ವಾ?"

ಹಾಕಿಕೊಳ್ಳುವುದಿಲ್ಲ. ಓದಿನಲ್ಲಂತೂ ಇಲ್ಲವೇ ಇಲ್ಲ. ನನ್ನ ಮುದ್ರಣಗಳಲ್ಲಿ ಒಂದು ಉಸಿರು ಕೂಡ ಉಳಿಯದಂತೆ ತಂತಿಯಣ್ಣನಿಂದ ಕತ್ತರಿಸಿ ತೆಗೆಸುತ್ತೇನೆ. ಪುಟ ಮಗುಚಿದ ಸದ್ದು, ಎಂಜಲು ನುಂಗಿದ ಸದ್ದು ಎಲ್ಲ. ಕೇಳುಗನಿಗೂ ಪುಸ್ತಕಕ್ಕೂ ನಡುವೆ ನಾನು ಇರಬಾರದು, ಗಾಜಿನಂತಿರಬೇಕು. ಓದುವವರ ಧರ್ಮ ಅದು.

ನೇರವಾಗಿ ಕಾರ್ಯದರ್ಶಿಯವರ ಕೋಣೆಗೆ ಹೋಗಿ ಹೇಳಿದೆ: "ಸಾರ್, ಪರೀಕ್ಷೆ ಆಗಲಿ. ಒಂದೇ ಪುಟ, ನಾಲ್ಕು ದನಿ. ಮೂರು ಮನುಷ್ಯರದ್ದು, ಒಂದು ಇದರದ್ದು. ಕೇಳುಗರನ್ನೇ ಕರೆಸಿ. ಯಂತ್ರ ಯಾವುದು ಅಂತ ಅವರು ಕಂಡುಹಿಡಿದರೆ ಈ ಕೋಣೆ ಉಳೀಬೇಕು."

"ಕಂಡುಹಿಡೀದೇ ಹೋದರೆ?"

"ಮುಚ್ಚಿ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಬರೆದು ಕೊಡು" ಎಂದರು. ಬರೆದು ಕೊಟ್ಟೆ. ಸಹಿ ಹಾಕುವಾಗ ಇಡೀ ಮನುಷ್ಯಕುಲದ ಪರವಾಗಿ ಹಾಕಿದ ಹಾಗನ್ನಿಸಿತು.

ಮಾರ್ಚ್ ೧೨, ಮಂಗಳವಾರ

ಕೇಳುಗ ಸಂಖ್ಯೆ ೧೧೭ರ ದೂರವಾಣಿ ಕರೆ. ಪ್ರತಿ ಮಂಗಳವಾರದ ಪೀಡೆ. ಈಕೆ ಹಿಂದೆ ಟೆಲಿಫೋನ್ ಕಚೇರಿಯಲ್ಲಿ ಕರೆ ಜೋಡಿಸಿಕೊಡುವ ಕೆಲಸದಲ್ಲಿದ್ದವರು. ಐವತ್ತು ದಾಟಿದ ಮೇಲೆ ದೃಷ್ಟಿ ಹೋಯಿತಂತೆ. ಪುಸ್ತಕದ ಬಗ್ಗೆ ಮಾತು ಆರಂಭವಾಗಿ ಮಂಡಿನೋವಿನಲ್ಲಿ ಮುಗಿಯುತ್ತದೆ.

"ಏನಮ್ಮ, ಆ ದಾದಿ ಬದುಕ್ತಾಳೋ ಇಲ್ವೋ? ಎಂಟನೇ ಅಧ್ಯಾಯಕ್ಕೇ ನಿಲ್ಲಿಸಿಬಿಟ್ಟಿದೀರಲ್ಲ."

ಕಾದಂಬರಿಯಲ್ಲಿ ಮುದುಕ ಗಡಿಯಾರ ರಿಪೇರಿಯವನೊಬ್ಬನ ಮನೆಯಲ್ಲಿ ಅವನನ್ನು ನೋಡಿಕೊಳ್ಳುವ ಯಂತ್ರದ ದಾದಿ ಇದ್ದಾಳೆ. ಆಕೆ ಕೇಳಿದ್ದು ಅವಳ ಬಗ್ಗೆ.

"ನನಗೂ ಗೊತ್ತಿಲ್ಲ. ನಾನು ಮುಂದಿನದ್ದನ್ನು ಮೊದಲೇ ಓದಿಕೊಳ್ಳೋದಿಲ್ಲ" ಎಂದೆ.

"ಒಳ್ಳೇದು. ಆದ್ರೂ ಆ ಮುದುಕ ಕೆಮ್ಮೋ ಕಡೆ ಸ್ವಲ್ಪ ನೀನೂ ಕೆಮ್ಮಬಾರದಾ? ಸರ್ಕಾರಿ ಪ್ರಕಟಣೆ ಓದಿದ ಹಾಗೆ ಓದ್ತೀಯಲ್ಲೇ."

ಕೇಳುಗರಿಗೆ ತರಬೇತಿ ಬೇಕು ಎಂಬ ಬಗ್ಗೆ ಒಂದು ಕರಪತ್ರ ಬರೆಯಬೇಕು.

ಇಂದಿನಿಂದ ಮೇಷ್ಟ್ರ ಹತ್ತಿರ ಬ್ರೈಲ್ ಕಲಿಯಲು ಶುರುಮಾಡಿದೆ. ಪರೀಕ್ಷೆಯ ಚೀಟಿಗಳೆಲ್ಲ ಬ್ರೈಲ್‌ನಲ್ಲೇ ಇರುತ್ತವೆ, ಅದಕ್ಕೆ. ಅವರು ನನ್ನ ತೋರುಬೆರಳನ್ನು ಹಿಡಿದು ಕಾಗದದ ಮೇಲೆ ಮೆಲ್ಲಗೆ ಜಾರಿಸಿದರು. "ಒತ್ತಬೇಡ ಮಗು, ಒತ್ತಿದ್ರೆ ಓಡಿಹೋಗ್ತವೆ" ಎಂದರು. ನನಗೆ ಎಲ್ಲವೂ ಒಂದೇ ಥರದ ಗುಳ್ಳೆ.

ಮಾರ್ಚ್ ೧೬, ಶನಿವಾರ

ಪರೀಕ್ಷೆಯ ಪುಟ ಮುದ್ರಿಸಿದೆವು. ಒಂದನೆಯ ದನಿ ತಂತಿಯಣ್ಣನದ್ದು, ಕತ್ತೆಗೆ ನೆಗಡಿಯಾದ ಹಾಗೆ. ಎರಡನೆಯದು ಸಂಜೆ ಬಂದು ಪತ್ರಿಕೆ ಓದಿಹೋಗುವ ಕಂಡಕ್ಟರ್ ಮಾಮನದ್ದು. ಬಸ್ಸಿನ ಕೆಲಸ ಬಿಟ್ಟು ವರ್ಷಗಳಾದರೂ ಪ್ರತಿ ವಾಕ್ಯದ ಕೊನೆಯಲ್ಲಿ ನಿಲ್ದಾಣ ಬಂದ ಹಾಗೆ ಕೂಗುತ್ತಾರೆ. ಮೂರನೆಯದು ನನ್ನದು. ನಾಲ್ಕನೆಯದು ಪೆಟ್ಟಿಗೆಯದ್ದು.

"ಒಂದೆರಡು ಉಸಿರಾದ್ರೂ ಬಿಡೋಣ ನಾಯಕಿಯವರೇ. ಅದಕ್ಕೇ ಇದೆ, ನಿಮಗಿಲ್ಲ ಅಂದ್ರೆ?" ಎಂದ ತಂತಿಯಣ್ಣ.

"ಎಲ್ಲ ತೆಗಿ. ಅದು ಉಸಿರನ್ನು ಎರವಲು ತಂದಿದೆ ಅಂತ ನಾನೂ ಉಸಿರು ತೋರಿಸ್ಕೊಂಡು ನಿಲ್ಲಬೇಕಾ? ಸತ್ಯಕ್ಕೆ ಅಲಂಕಾರ ಬೇಡ."

ಎಂಟು ಸಲ ಓದಿ, ಒಂದೂ ತಪ್ಪಿಲ್ಲದ್ದನ್ನು ಇಟ್ಟೆ. ತಂತಿಯಣ್ಣ ಒಂದೊಂದೇ ಉಸಿರನ್ನು ಆರಿಸಿ ಅಳಿಸಿದ. ಮೇಷ್ಟ್ರು ಕೇಳಿ, "ತಪ್ಪೇನೂ ಇಲ್ಲ" ಎಂದರು.

ಮಾರ್ಚ್ ೧೭, ಭಾನುವಾರ

ಗೆದ್ದೆವು!

ಇಪ್ಪತ್ತು ಜನ ಬಂದಿದ್ದರು. ಸಂಸ್ಥೆಯ ವ್ಯಾನಿನಲ್ಲಿ ಕರೆತಂದು ಅದರಲ್ಲೇ ಕಳಿಸಿದೆವು. ಸಭಾಂಗಣದಲ್ಲಿ ನಾಲ್ಕು ದನಿಗಳನ್ನೂ ಎರಡೆರಡು ಸಲ ಕೇಳಿಸಿದೆವು. ಆಮೇಲೆ ಒಬ್ಬೊಬ್ಬರೂ ಯಂತ್ರ ಎಂದು ಅನ್ನಿಸಿದ ದನಿಯ ಸಂಖ್ಯೆಯನ್ನು ಚೀಟಿಯಲ್ಲಿ ಚುಚ್ಚಿಕೊಟ್ಟರು. ಇಪ್ಪತ್ತು ಜನ ಒಟ್ಟಿಗೆ ಕಾಗದ ಚುಚ್ಚುವ ಸದ್ದು ಕೇಳಲು ಚೆನ್ನಾಗಿತ್ತು, ತಗಡಿನ ಮೇಲೆ ಹನಿ ಬಿದ್ದ ಹಾಗೆ.

ಅವರು ಹೋದ ಮೇಲೆ ಎಣಿಕೆ. ನನ್ನ ಬೆರಳಿಗೆ ಬ್ರೈಲ್ ಇನ್ನೂ ಕೂಡಿಬಂದಿಲ್ಲವಾದ್ದರಿಂದ ಮೇಷ್ಟ್ರು ಓದಿದರು, ನಾನು ಬರೆದುಕೊಂಡೆ. ಮೊದಲ ಚೀಟಿ: ಮೂರು. ನನ್ನ ದನಿ! ಎರಡನೆಯದು: ಮೂರು. ಅದರ ಮುಂದಿನದೂ ಮೂರು. ಆಮೇಲೆ, ಅಬ್ಬ, "ನಾಲ್ಕು" ಎಂದರು. ಮತ್ತೆ ನಾಲ್ಕು. ಎರಡು. ನಾಲ್ಕು, ನಾಲ್ಕು. ಕೊನೆಗೆ ಹದಿನಾಲ್ಕು ಜನ ಯಂತ್ರವನ್ನು ಸರಿಯಾಗಿ ಹಿಡಿದಿದ್ದರು. ಮೂವರು ಪಾಪ ಕಂಡಕ್ಟರ್ ಮಾಮನನ್ನು ಯಂತ್ರ ಎಂದಿದ್ದರು, ಮೂವರು ನನ್ನನ್ನು. ಆ ಮೂವರ ಕಿವಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಕಾರ್ಯದರ್ಶಿಯವರು ಪಟ್ಟಿ ನೋಡಿ, "ಸರಿ, ಸಮಿತಿಗೆ ಹೇಳ್ತೀನಿ. ಕೋಣೆ ಇರಲಿ" ಎಂದರು. ಮನೆಗೆ ಓಡಿಕೊಂಡೇ ಬಂದೆ. ದೊಡ್ಡಮ್ಮ, "ಗೆದ್ದಿದ್ದಕ್ಕೆ ಎರಡು ಕಪ್ ಚಹಾ ಮಾಡು" ಎಂದಳು. ಮಾಡಿದೆ.

ಮಾರ್ಚ್ ೧೮, ಸೋಮವಾರ

ಫಲಿತಾಂಶವನ್ನು ನಾನೇ ಓದಿ, ಕೇಳುಗರ ವಾರದ ಪ್ರಕಟಣೆಯಲ್ಲಿ ಕಳಿಸಿದೆ. "ಹದಿನಾಲ್ಕು ಜನ ಸತ್ಯವನ್ನು ಗುರುತಿಸಿದ್ದಾರೆ" ಎಂದು. ಪೆಟ್ಟಿಗೆ ಮೂಲೆಯಲ್ಲಿದೆ. ಅದರ ಮೇಲೆ ತಂತಿಯಣ್ಣ ತನ್ನ ಊಟದ ಡಬ್ಬಿ ಇಟ್ಟಿದ್ದಾನೆ.

ಮಾರ್ಚ್ ೨೦, ಬುಧವಾರ

ಹದಿನೇಳನೆಯ ಅಧ್ಯಾಯ. ತನಿಖಾಧಿಕಾರಿ ಗಡಿಯಾರದವನ ಮನೆಗೆ ಊಟಕ್ಕೆ ಬರುವ ದಿನ ಹತ್ತಿರವಾಗಿದೆ. ದಾದಿ ಮರೆಯುವುದನ್ನು ಅಭ್ಯಾಸ ಮಾಡುತ್ತಾಳೆ. ಮುದುಕನ ಲೋಟ ಖಾಲಿ. ಅವನು ಕೆಮ್ಮುತ್ತಾನೆ. ಹೂಜಿ ಕೈಗೆಟಕುವಷ್ಟು ಹತ್ತಿರದಲ್ಲಿದೆ. ಅವಳು ಎರಡೂ ಕೈಯನ್ನು ಮಡಿಲಲ್ಲಿ ಹಿಡಿದುಕೊಂಡು ಕೂರುತ್ತಾಳೆ. ಮುದುಕನಿಗೆ ಅರ್ಥವಾಗುತ್ತದೆ. "ಮರೆತೆಯಾ? ಒಳ್ಳೆಯದಾಯಿತು" ಎಂದು ಹೇಳಿ ತಾನೇ ಎದ್ದು ನೀರು ಬಗ್ಗಿಸಿಕೊಳ್ಳುತ್ತಾನೆ.

ಆ ವಾಕ್ಯದಲ್ಲಿ ಗಂಟಲು ಸ್ವಲ್ಪ ಕಟ್ಟಿತು. ಬೆಳಿಗ್ಗೆ ತಣ್ಣೀರು ಕುಡಿದದ್ದಕ್ಕೇ ಇರಬೇಕು. ತಂತಿಯಣ್ಣ ಗಾಜಿನ ಆಚೆಯಿಂದ ಕೈಯನ್ನು ಕತ್ತರಿಯ ಹಾಗೆ ಮಾಡಿ, "ತೆಗೀಲಾ?" ಎಂದು ಸನ್ನೆಯಲ್ಲೇ ಕೇಳಿದ. ಮುಂದಿನ ಪುಟ ಕಾಯುತ್ತಿತ್ತು, ಹಾಗಾಗಿ ಉತ್ತರ ಹೇಳಲು ಮರೆತೆ.

ಬ್ರೈಲ್ ಅಂಕಿಗಳು ಈಗ ಬೆರಳಿಗೆ ಸಿಗುತ್ತಿವೆ. ಒಂದರ ಕೆಳಗೊಂದು ಎರಡು ಚುಕ್ಕಿ ಇದ್ದರೆ ಅದು ಎರಡು. ಮೇಲ್ಗಡೆ ಅಕ್ಕಪಕ್ಕ ಎರಡು ಚುಕ್ಕಿ ಇದ್ದರೆ ಮೂರು. ಆ ಮೂರಕ್ಕೇ ಬಲಗಡೆ ಕೆಳಗೆ ಇನ್ನೊಂದು ಚುಕ್ಕಿ ಸೇರಿದರೆ ನಾಲ್ಕು. ಅಭ್ಯಾಸಕ್ಕೆ ಇನ್ನಷ್ಟು ಅಂಕಿ ಬೇಕು. ಪರೀಕ್ಷೆಯ ಚೀಟಿಗಳು ಬೀರುವಿನಲ್ಲೇ ಇವೆ, ನಾಳೆ ಅವನ್ನೇ ತೆಗೆದುಕೊಳ್ಳುತ್ತೇನೆ.

ಮಾರ್ಚ್ ೨೧, ಗುರುವಾರ

ನಾನು ತಪ್ಪಾಗಿ ಓದುತ್ತಿದ್ದೇನೆ ಎಂದುಕೊಂಡೆ. ಬೆರಳು ಒಂದು ಚುಕ್ಕಿಯನ್ನು ಬಿಟ್ಟುಬಿಡುತ್ತಿದೆ ಎಂದುಕೊಂಡೆ. ಚೀಟಿಯನ್ನು ಮಗುಚಿ ಹಿಡಿದಿರಬಹುದು ಎಂದೂ ಎಣಿಸಿದೆ. ಆದರೆ ಅಕ್ಕಪಕ್ಕದ ಎರಡು ಚುಕ್ಕಿಗೆ ಯಾವ ಕಡೆಯಿಂದ ನೋಡಿದರೂ ವ್ಯತ್ಯಾಸವಿಲ್ಲ. ಕೊನೆಗೆ ಕಿಟಕಿಯ ಬೆಳಕಿಗೆ ಹಿಡಿದು ಕಣ್ಣಿನಿಂದಲೇ ನೋಡಿದೆ.

ಮೂರು. ಮೂರು. ಮೂರು.

ಹದಿಮೂರು ಚೀಟಿಗಳಲ್ಲಿ ಮೂರು. ಮೂರರಲ್ಲಿ ಎರಡು. ನಾಲ್ಕು ಎಂದು ಬರೆದವರು ನಾಲ್ಕೇ ಜನ.

ಹದಿಮೂರು ಜನ ನನ್ನನ್ನು ಯಂತ್ರ ಎಂದಿದ್ದಾರೆ. ಮೇಷ್ಟ್ರು ಸುಳ್ಳು ಓದಿದ್ದಾರೆ. ಕೋಣೆ ಉಳಿದಿರುವುದು ಸುಳ್ಳಿನ ಮೇಲೆ. ಆ ಸುಳ್ಳನ್ನು ನಾನೇ, ನನ್ನದೇ ದನಿಯಲ್ಲಿ, ಪ್ರಕಟಣೆಯಲ್ಲಿ ಓದಿ ಊರಿಗೆಲ್ಲ ಕಳಿಸಿದ್ದೇನೆ.

ಮಾರ್ಚ್ ೨೨, ಶುಕ್ರವಾರ

ಊಟದ ಬಿಡುವಿನಲ್ಲಿ ಚೀಟಿಗಳನ್ನು ಮೇಷ್ಟ್ರ ಮೇಜಿನ ಮೇಲೆ ಇಟ್ಟೆ. ಅವರು ಮೇಲಿನದ್ದನ್ನು ಮುಟ್ಟಿದರು, ಆಮೇಲೆ ಕಟ್ಟಿನ ಅಂಚನ್ನು ಮುಟ್ಟಿದರು. ಅದೇನೆಂದು ಅವರಿಗೆ ತಿಳಿಯಿತು.

"ಕಲಿತುಬಿಟ್ಟೆಯಲ್ಲ. ಇಷ್ಟು ಬೇಗ ಕಲೀತೀಯ ಅಂತ ಅಂದ್ಕೊಂಡಿರಲಿಲ್ಲ. ನನ್ನ ಶಾಲೆಯ ಮಕ್ಕಳಿಗೆ ಮೂರು ತಿಂಗಳು ಬೇಕಾಗಿತ್ತು" ಎಂದರು.

"ಯಾಕೆ ಮೇಷ್ಟ್ರೇ?"

"ಮೊದಲನೇ ಮೂರು ಸರಿಯಾಗೇ ಓದಿದೆ. ನಿನ್ನ ಪೆನ್ನು ಮೊದಲು ಚುರುಕಾಗಿ ಓಡ್ತಿತ್ತು. ಎರಡನೇದಕ್ಕೆ ನಿಧಾನ ಆಯ್ತು. ಮೂರನೇದಕ್ಕೆ ಓಡಲೇ ಇಲ್ಲ. ನೀನು ಉಸಿರು ಹಿಡ್ಕೊಂಡಿದ್ದೆ. ನಾಲ್ಕನೇದೂ ಮೂರೇ ಇತ್ತು. ನನ್ನ ಬಾಯಿ ನಾಲ್ಕು ಅಂತ ಅಂದುಬಿಡ್ತು. ಒಂದು ಸಲ ಅಂದ ಮೇಲೆ ಹಿಂದಕ್ಕೆ ಹೋಗೋಕಾಗುತ್ತಾ?"

"ನೀವು ತಪ್ಪು ಹಿಡಿಯೋರು. ಒಂಬತ್ತು ವರ್ಷದಿಂದ."

"ಹೌದು. ಹಿಡಿಯೋದು ಗೊತ್ತಿರೋನಿಗೆ ಮಾಡೋದೂ ಗೊತ್ತಿರುತ್ತೆ" ಎಂದು ನಕ್ಕರು. ನನಗೆ ಸಿಟ್ಟು ಬಂತು. ಕರುಣೆ ತೋರಿಸಲು ನಾನೇನು ಮಗುವೇ, ಸತ್ಯಕ್ಕಿಂತ ದೊಡ್ಡದು ಯಾವುದಿದೆ, ಹೀಗೆಲ್ಲ ಕೂಗಾಡಿದೆ. ಅವರು ಎಲ್ಲವನ್ನೂ ಕೇಳಿದರು. ಮುಗಿದ ಮೇಲೆ, "ಹೋಗಿ ಕಾರ್ಯದರ್ಶಿಗಳಿಗೆ ಹೇಳು ಮಗು. ನಾನು ಬೇಡ ಅನ್ನಲ್ಲ. ಅವರು ನನ್ನನ್ನ ಇಟ್ಕೊಳ್ಳೋದು ಕಷ್ಟ, ಅಷ್ಟೇ. ತಪ್ಪು ಓದೋನ ಕಿವಿ ಯಾರಿಗೆ ಬೇಕು?" ಎಂದರು.

ಅದೇ ಹೊತ್ತಿಗೆ ಅವರ ಕೈ ಮೇಜಿನ ಮೇಲೆ ಚಹಾದ ಲೋಟವನ್ನು ಹುಡುಕುತ್ತಿತ್ತು. ನಾನು ಹತ್ತಿರಕ್ಕೆ ಸರಿಸಿ, ಅಲ್ಲಿಂದ ಹೊರಟುಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ಮಾರ್ಚ್ ೨೩, ಶನಿವಾರ

ಕರಪತ್ರಗಳನ್ನೆಲ್ಲ ಮತ್ತೆ ಓದಿದೆ. ಒಬ್ಬ ವ್ಯಕ್ತಿಯನ್ನು ಕುರಿತು ಏನು ಮಾಡಬೇಕು ಎಂದು ಯಾವುದರಲ್ಲೂ ಇಲ್ಲ. ಎಲ್ಲವೂ ಮನುಷ್ಯಕುಲದ ಬಗ್ಗೆ.

ಮಾರ್ಚ್ ೨೪, ಭಾನುವಾರ

ದೊಡ್ಡಮ್ಮನಿಗೆ ಎಲ್ಲ ಹೇಳಿದೆ. ಅವಳು ಅಂಗಿಗೆ ತೋಳು ಜೋಡಿಸುತ್ತ ಕೇಳಿದಳು, ಮಧ್ಯೆ ಹೊಲಿಗೆ ಯಂತ್ರಕ್ಕೆ "ನಿಲ್ಲು ಮಾರಾಯ್ತಿ, ದಾರ ಕಡೀಬೇಡ" ಎಂದಳು. ಹಿಂದೆ ಅವಳು ಯಂತ್ರದ ಜೊತೆ ಹೀಗೆ ಮಾತಾಡಿದರೆ ರೇಗುತ್ತಿದ್ದೆ.

"ಹದಿಮೂರು ಜನ ನಿನ್ನನ್ನ ಯಂತ್ರ ಅಂದರಾ?" ಎಂದು ಕೇಳಿ, ನಗು ತಡೆಯಲಾರದೆ ಸಮವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ನನಗೂ, ಏನೆಂದು ಹೇಳಲಿ, ನಗು ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು.

"ಈಗ ಏನು ಮಾಡ್ತೀಯ?"

"ನಿಜ ಹೇಳ್ಬೇಕು. ಸಂಶಯವೇ ಇಲ್ಲ. ಮೋಸದಿಂದ ಉಳಿದ ಕೋಣೇಲಿ ಕೂತು ನಾನು ಓದಲಾರೆ."

"ಹೇಳು ಮತ್ತೆ. ಯಾರು ಹಿಡಿದಿದ್ದಾರೆ?"

"ಹಾಗೆ ಹೇಳಿದ್ರೆ ಮೇಷ್ಟ್ರ ಗತಿ?"

ದೊಡ್ಡಮ್ಮ ದಾರದ ಬಾಬಿನ್ ತರಲು ಎದ್ದು ಒಳಗೆ ಹೋದಳು. ಅವಳು ಒಳಗಿದ್ದಾಗ ಆರು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟೆ, ಬೇರೇನೂ ಕೆಲಸವಿರಲಿಲ್ಲ.

ಮೊದಲು ಕೇಳುಗರಿಗೆ ಹೇಳಬೇಕು. ಸುಳ್ಳು ಪ್ರಕಟಣೆ ಕೇಳಿಸಿಕೊಂಡವರು ಅವರು. ಇಪ್ಪತ್ತು ಜನಕ್ಕೂ ಒಬ್ಬೊಬ್ಬರಿಗೇ.

ಮಾರ್ಚ್ ೨೫, ಸೋಮವಾರ

ಕಚೇರಿಯ ಫೋನಿನಲ್ಲಿ ಒಂಬತ್ತೂವರೆಗೆ ಶುರುಮಾಡಿದೆ. ಮೊದಲ ಕರೆ ೧೧೭ಕ್ಕೆ, ಅಂದರೆ ಟೆಲಿಫೋನಮ್ಮನಿಗೆ. ಬರೆದಿಟ್ಟುಕೊಂಡಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದೆ: ಎಣಿಕೆ ತಪ್ಪಾಗಿತ್ತು, ನಿಮ್ಮಲ್ಲಿ ಹದಿಮೂರು ಜನ ನನ್ನನ್ನು ಯಂತ್ರ ಎಂದಿದ್ದೀರಿ, ಕ್ಷಮಿಸಿ.

"ಗೊತ್ತಲ್ಲ" ಎಂದರು.

"ಏನು ಗೊತ್ತು?"

"ಅಯ್ಯೋ, ಇಪ್ಪತ್ತು ಜನಾನೂ ಒಂದೇ ವ್ಯಾನಿನಲ್ಲಿ ವಾಪಸ್ ಬಂದ್ವಲ್ಲೇ. ನೀನು ಏನು ಬರೆದೆ, ನೀನು ಏನು ಬರೆದೆ ಅಂತ ಕೇಳ್ಕೊಳ್ದೆ ಇರ್ತೀವಾ? ಚೀಟಿ ಕೊಟ್ಟು ವ್ಯಾನ್ ಹತ್ತುವಾಗ, ಯಂತ್ರ ನಾಲ್ಕನೇದು ಅಂತ ತಂತಿಯಣ್ಣ ಬಾಯಿಬಿಟ್ಟಿದ್ದ. ಮಾರುಕಟ್ಟೆ ತಿರುವು ಬರೋ ಹೊತ್ತಿಗೆ ಹದಿಮೂರು ಜನ ಮೂರು ಅಂತ ಬರೆದದ್ದು ಲೆಕ್ಕ ಆಗಿತ್ತು. ಕೋಣೆ ಹೋಯ್ತಲ್ಲ ಅಂತ ಎಲ್ಲರಿಗೂ ಹೊಟ್ಟೆ ಉರಿದಿತ್ತು. ಮಾರನೇ ದಿನ ನೀನು ಹದಿನಾಲ್ಕು ಜನ ನಾಲ್ಕು ಅಂತ ಬರೆದ್ರು ಅಂತ ಓದಿದೆ. ನಾನು ಎಲ್ಲರಿಗೂ ಫೋನ್ ಮಾಡಿ, ಬಾಯಿ ಮುಚ್ಕೊಂಡಿರಿ ಅಂದೆ."

ನಾನು ಕುರ್ಚಿಯಲ್ಲಿ ಕುಳಿತೆ. "ನೀವು ಏನಂತ ಬರೆದ್ರಿ?"

"ಮೂರು. ಮತ್ತೇನು? ಒಂದು ತಪ್ಪಿಲ್ಲ, ಒಂದು ಉಸಿರಿಲ್ಲ. ದನಿ ನಿನ್ನದೇ ಥರ ಇತ್ತು, ಪೆಟ್ಟಿಗೆಗೆ ನಿನ್ನ ದನಿ ಕಲಿಸಿದಾರೆ ಅಂದ್ಕೊಂಡೆ. ಇನ್ನೊಂದು ಪಾಪ ತಡವರಿಸ್ತಿತ್ತು. ಹೊಸ ಹುಡುಗಿ ಇರಬೇಕು ಅಂದ್ಕೊಂಡೆ."

"ಯಂತ್ರಕ್ಕೂ ನನಗೂ ವ್ಯತ್ಯಾಸ ತಿಳೀದಿದ್ರೆ ಕೋಣೆ ಯಾಕೆ ಉಳೀಬೇಕು ಅಂತ ನಿಮಗೆ?"

"ಮಂಗಳವಾರ ನಾನು ಫೋನ್ ಮಾಡಿ ಆ ಪೆಟ್ಟಿಗೇನ ಬಯ್ಯಲಾ? ಅದು ಏನಂತ ಉರ್ಕೊಳ್ಳುತ್ತೆ? ನಿನಗೆ ಬೈದ್ರೆ ನೀನು ಉರ್ಕೋತೀಯ, ಆಮೇಲೆ ಮುಂದಿನ ಅಧ್ಯಾಯ ಒಂಚೂರು ಚೆನ್ನಾಗಿ ಓದ್ತೀಯ. ಹದಿನೇಳನೇದು ಕೇಳಿದೆ ಕಣೆ. ಮುದುಕ ಎದ್ದು ನೀರು ಕುಡೀತಾನಲ್ಲ, ಅಲ್ಲಿ ನೀನು ಅತ್ತೆ."

"ಇಲ್ಲಮ್ಮ, ಗಂಟಲು ಕಟ್ಟಿತ್ತು."

"ಸರಿ, ಕಟ್ಟಿತ್ತು."

ಉಳಿದ ಹತ್ತೊಂಬತ್ತು ಜನರಿಗೂ ಮಾಡಿದೆ. ಎಲ್ಲರಿಗೂ ಗೊತ್ತಿತ್ತು. ರೈಲು ನಿಲ್ದಾಣದ ಹತ್ತಿರ ಕುರ್ಚಿ ಹೆಣೆಯುವವರು, "ನಿಮ್ಮನ್ನ ಯಂತ್ರ ಅಂದದ್ದಕ್ಕೆ ಬೇಜಾರು ಮಾಡ್ಕೋಬೇಡಿ, ಒಳ್ಳೇ ಕಂಪನಿಯ ಯಂತ್ರ ಅಂತಾನೇ ಅಂದ್ಕೊಂಡೆ" ಎಂದರು. ಸಂಗೀತ ಕಲಿಸುವ ಹುಡುಗಿ ನನಗೆ ಊಟವಾಯಿತೇ ಎಂದು ಕೇಳಿದಳು. ಒಬ್ಬರಿಗೆ ಮೊಮ್ಮಗಳು ಹುಟ್ಟಿದ್ದಾಳೆ, ಕಿವಿ ದೊಡ್ಡದಂತೆ. ಇನ್ನೊಬ್ಬರು ಮನೆಯಲ್ಲಿ ಒಬ್ಬರೇ ಇದ್ದಾರೆ, ರಾತ್ರಿ ನನ್ನ ಮುದ್ರಣ ಹಾಕಿಕೊಂಡೇ ಮಲಗುವುದಂತೆ, ಅಧ್ಯಾಯ ಮುಗಿಯುವ ಮೊದಲೇ ನಿದ್ದೆ. ಆರು ತಿಂಗಳಿಂದ ಇವರಿಗೆಲ್ಲ ಓದುತ್ತಿದ್ದೇನೆ, ಇಂದು ಮೊದಲ ಸಲ ಇವರು ಹೇಳಿದ್ದನ್ನು ನಾನು ಕೇಳಿದೆ.

ಪುಸ್ತಕ ಮುಟ್ಟಲಾಗಲಿಲ್ಲ. ಇಡೀ ದಿನ ಫೋನಿನಲ್ಲೇ ಹೋಯಿತು.

ಕೊನೆಗೆ ಟೆಲಿಫೋನಮ್ಮ ಮತ್ತೆ ಕರೆದರು: "ನೀನು ನಾಳೆ ಹೋಗಿ ಹೇಳೇ ಹೇಳ್ತೀಯ ಅಂತ ಗೊತ್ತು, ನಿನ್ನ ಜಾತಿಯೇ ಅದು. ಎಷ್ಟು ಗಂಟೆಗೆ ಹೋಗ್ತೀಯ?"

"ಹತ್ತೂವರೆಗೆ."

"ಸರಿ."

ಮಾರ್ಚ್ ೨೬, ಮಂಗಳವಾರ

ಹತ್ತೂವರೆಗೆ ಕಾರ್ಯದರ್ಶಿಯವರ ಮುಂದೆ ಚೀಟಿಗಳನ್ನೂ ನನ್ನ ಪಟ್ಟಿಯನ್ನೂ ಇಟ್ಟೆ. ನಿಜವಾದ ಎಣಿಕೆ ಹೇಳಿದೆ. ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಮೇಷ್ಟ್ರು ಓದಿದ್ದು?"

"ಮೇಷ್ಟ್ರು ಸರಿಯಾಗೇ ಓದಿದ್ರು ಸಾರ್. ಬರೆದುಕೊಂಡದ್ದು ನಾನು. ಪಟ್ಟಿ ನನ್ನ ಕೈಬರಹ, ನೋಡಿ. ಅವರು ಮೂರು ಅಂದಾಗ ನಾನು ನಾಲ್ಕು ಅಂತ ಬರೆದೆ."

"ಎಷ್ಟು ಸಲ?"

"ಹತ್ತು."

"ಹತ್ತು ಸಲ ತಪ್ಪಾಗುತ್ತೇನಮ್ಮಾ?"

"ಗಾಬರಿಯಲ್ಲಿ ಆಯ್ತು ಸಾರ್."

"ಗಾಬರಿಯೋ, ಆಸೆಯೋ?"

"ಎರಡೂ ಇರಬಹುದು."

ಅವರು ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಎತ್ತಿಕೊಂಡು, "ಹಾಂ... ಹೌದು... ಇಲ್ಲ, ಇನ್ನೂ ಏನೂ ತೀರ್ಮಾನ..." ಎಂದು ಇಟ್ಟರು. ಮತ್ತೆ ಬಡಿಯಿತು. ಇಟ್ಟರು, ಬಡಿಯಿತು. ಹೀಗೆ ಹನ್ನೊಂದೂವರೆಯವರೆಗೆ. ಒಬ್ಬರ ಹಿಂದೆ ಒಬ್ಬರು, ಒಬ್ಬರ ಕರೆಗೆ ಇನ್ನೊಬ್ಬರ ಕರೆ ಅಡ್ಡ ಬರದ ಹಾಗೆ. ಹಳೆಯ ಕೈ ಯಾರೋ ಸಾಲು ಹಚ್ಚಿ ಜೋಡಿಸಿಕೊಟ್ಟಂತಿತ್ತು. ನಡುನಡುವೆ ಕಾರ್ಯದರ್ಶಿಯವರು, "ನೀವೂ ಅವಳನ್ನೇ ಯಂತ್ರ ಅಂದಿರಾ? ಆದ್ರೂ ಅವಳೇ ಬೇಕಾ?" ಎಂದು ಕೇಳುತ್ತಿದ್ದರು. ಕೊನೆಕೊನೆಗೆ ನಗು ಅವರ ಮೀಸೆಯಡಿ ಅಡಗದಾಯಿತು.

ಇಪ್ಪತ್ತನೆಯದು ಮುಗಿದ ಮೇಲೆ ಫೋನನ್ನು ಮುಟ್ಟಿ ನೋಡಿ, "ಬಿಸಿಯಾಗಿದೆ" ಎಂದರು. "ಮಧ್ಯಾಹ್ನ ಸಮಿತಿ ಸೇರುತ್ತೆ. ಇದ್ದದ್ದನ್ನ ಹಾಗೇ ಹೇಳ್ತೀನಿ. ಏನಾಗುತ್ತೋ ನೋಡೋಣ. ಒಂದು ಮಾತ್ರ ಈಗಲೇ ಕೇಳ್ಕೋ. ಈ ಸಂಸ್ಥೇಲಿ ಇನ್ನು ಮೇಲೆ ನೀನು ಏನನ್ನೂ ಎಣಿಸಕೂಡದು."

"ಆಗಲಿ ಸಾರ್."

ಸತ್ಯ ಹೇಳಿ ಹೊರಗೆ ಬಂದಾಗ ಎಷ್ಟು ಹಗುರವೆನಿಸುತ್ತದೆ! ಇದನ್ನು ಎಲ್ಲ ಕರಪತ್ರಗಳೂ ಹೇಳಿವೆ. ಅನುಭವಕ್ಕೆ ಬಂದದ್ದು ಇಂದು.

ಮಾರ್ಚ್ ೨೮, ಗುರುವಾರ

ಸಮಿತಿಯ ತೀರ್ಮಾನ ಬಂತು. ದಿನಪತ್ರಿಕೆ, ಸುತ್ತೋಲೆ, ರೈಲಿನ ವೇಳಾಪಟ್ಟಿ ಇವೆಲ್ಲ ಪೆಟ್ಟಿಗೆಗೆ. ಕಥೆ, ಕಾದಂಬರಿ, ಪತ್ರ, ಪ್ರವಾಸ ಇವೆಲ್ಲ ನಮಗೆ. ಕೋಣೆ ಉಳಿಯಿತು. ಪತ್ರಿಕೆ ಹೋಯಿತೆಂದು ಕಂಡಕ್ಟರ್ ಮಾಮನಿಗೆ ಬೇಸರವಾದೀತು ಎಂದು ಹೆದರಿದ್ದೆ. ಅವರು ಒಂದು ಪ್ರೇಮಕಥೆ ಎತ್ತಿಕೊಂಡು ಹೋದರು, ಖುಷಿಯಾಗಿಯೇ ಇದ್ದಾರೆ. ಪೆಟ್ಟಿಗೆ ಬೆಳಿಗ್ಗೆ ತರಕಾರಿ ದರಗಳನ್ನು ಓದುತ್ತಿತ್ತು. ಪಾಪ, ಅದಕ್ಕೆ ಬಿಡುವೇ ಇಲ್ಲ. ತಂತಿಯಣ್ಣ ಅದರ ಮೇಲೆ ಡಬ್ಬಿ ಇಡುವುದನ್ನು ಬಿಡಿಸಿದೆ, ಬಿಸಿಗೆ ಕೆಡಬಹುದು.

ಇಂದು ಕೊನೆಯ ಅಧ್ಯಾಯ. ಓದಲು ಕೂರುವ ಮೊದಲು ಮೇಷ್ಟ್ರು ಕರೆದರು. ಕಾರ್ಯದರ್ಶಿಯವರು ಅವರ ಬಳಿ ಬಂದು, ನೀವು ಸರಿಯಾಗಿ ಓದಿದ್ರಂತೆ, ಹುಡುಗಿ ಬರೆದುಕೊಂಡದ್ದು ತಪ್ಪಂತೆ ಎಂದು ಹೇಳಿ ಹೋಗಿದ್ದರಂತೆ.

"ಅವರಿಗೆ ನೀನು ಏನು ಹೇಳಿದೆ?" ಎಂದು ಕೇಳಿದರು.

"ನಡೆದದ್ದನ್ನು ನಡೆದ ಹಾಗೆ ಹೇಳಿದೆ ಮೇಷ್ಟ್ರೇ."

ಅವರು ತಲೆಯನ್ನು ಸ್ವಲ್ಪ ಓರೆ ಮಾಡಿ, ಮುದ್ರಣ ಕೇಳುವಾಗ ಕೂರುವ ಹಾಗೆ ಕುಳಿತರು. ಆಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡರು.

"ನೀನು ಸುಳ್ಳು ಹೇಳೋದನ್ನ ಇನ್ನೂ ಕಲೀಬೇಕು ಮಗು. ದನಿ ಒಂಚೂರು ಮೇಲಕ್ಕೆ ಹೋಗುತ್ತೆ."

ಯಾಕೆ ಹಾಗೆಂದರೋ ಗೊತ್ತಾಗಲಿಲ್ಲ. ನಾನು ಹೇಳಿದ್ದರಲ್ಲಿ ಮುಖ್ಯವಾದದ್ದೆಲ್ಲ ನಿಜವೇ ಇತ್ತು.